ಓಡು ಅಂದರೆ ಸಾಲದು, ಓಡುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಕ್ರೀಡಾಕೂಟದ ಕಾಲ ಬಂತೆಂದರೆ ನಮ್ಮ ಸಿಂಧನೂರು, ಮಸ್ಕಿ ಕಡೆಯ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದೇ ಪದ್ಧತಿ. ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ಮಟ್ಟದ ಆಟಕ್ಕೆ ಇನ್ನೇನು ಎರಡು ದಿನ ಇದೆ ಅನ್ನುವಾಗ ಆರು, ಏಳನೇ ತರಗತಿಯ ಮಕ್ಕಳನ್ನೆಲ್ಲ ಗ್ರೌಂಡಿಗೆ ಕರೆಯುವುದು, ಆ ಗೋಡೆ ಮುಟ್ಟಿ ಬನ್ನಿ ಅಂತ ಓಡಿಸುವುದು, ಮೊದಲು ಬಂದ ನಾಲ್ವರ ಹೆಸರು ಬರೆದುಕೊಳ್ಳುವುದು. ಉಳಿದವರಿಗೆ ಚಪ್ಪಾಳೆ ಹೊಡೆಯುವ ಕೆಲಸ. ಆರಿಸಿದ್ದಾಯಿತು, ಕಲಿಸಿದ್ದು ಯಾವಾಗ? ಗಣಿತದಲ್ಲಿ ಲೆಕ್ಕ ಬರುವ ನಾಲ್ವರನ್ನು ಇಟ್ಟುಕೊಂಡು ಉಳಿದವರನ್ನು ಹೊರಗೆ ಕೂರಿಸಿದರೆ ಪಾಲಕರು ಸುಮ್ಮನಿರುತ್ತಾರಾ?

ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಓಟ ಹುಟ್ಟಿನಿಂದಲೇ ಬರುತ್ತೆ, ಅದನ್ನೇನು ಕಲಿಸುವುದು ಅನ್ನುವ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಮುಂದಿನ ಸಲ ನೂರು ಮೀಟರ್ ಓಟ ನೋಡುವಾಗ ಗೆಲ್ಲುವವರನ್ನು ಬಿಟ್ಟು ಹಿಂದೆ ಬರುವ ಮಕ್ಕಳ ಮೇಲೆ ಕಣ್ಣಿಡಿ. ಒಬ್ಬಳು ಒಂದು ಕೈಯಲ್ಲಿ ಸ್ಕರ್ಟ್ ಹಿಡಿದಿರುತ್ತಾಳೆ, ಇನ್ನೊಂದು ಕೈ ಎದೆಯ ಮುಂದೆ ಅಡ್ಡಡ್ಡ ಬೀಸುತ್ತಿರುತ್ತದೆ. ಒಬ್ಬ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಕತ್ತು ಹಿಂದಕ್ಕೆ ಎಳೆದು ಮುಗಿಲು ನೋಡುತ್ತಾ ಓಡುತ್ತಾನೆ. ಮತ್ತೊಬ್ಬ ಪಕ್ಕದ ಸಾಲಿನವನನ್ನು ತಿರುಗಿ ತಿರುಗಿ ನೋಡುತ್ತಾನೆ, ಸುಣ್ಣದ ಗೆರೆ ಇನ್ನೂ ನಾಲ್ಕು ಹೆಜ್ಜೆ ಇದೆ ಅನ್ನುವಾಗಲೇ ಬ್ರೇಕ್ ಹಾಕುತ್ತಾನೆ. ಇವರ ಕಾಲಲ್ಲಿ ಶಕ್ತಿ ಇಲ್ಲ ಅಂತೇನಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಹೇಳಿಕೊಡುವುದು ಕಷ್ಟವೂ ಅಲ್ಲ. ಮಕ್ಕಳನ್ನು ನೆಲದ ಮೇಲೆ ಕಾಲು ಚಾಚಿ ಕೂರಿಸಿ. ಮೊಣಕೈ ಲಂಬಕೋನದಲ್ಲಿ ಮಡಚಿಸಿ. ಭುಜದಿಂದ ಕೈ ಬೀಸಲಿ: ಹಿಂದೆ ಹೋದಾಗ ಅಂಗೈ ಸೊಂಟದ ಹತ್ತಿರ, ಮುಂದೆ ಬಂದಾಗ ಗದ್ದದ ಮಟ್ಟಕ್ಕೆ. ಎದೆಯ ನಡುಗೆರೆ ದಾಟಬಾರದು, ಬೆರಳು ಸಡಿಲ ಇರಬೇಕು. ಈಗ ಜೋರಾಗಿ, ಇನ್ನೂ ಜೋರಾಗಿ ಅನ್ನಿ. ಕೂತಲ್ಲೇ ಮಕ್ಕಳ ಕುಂಡಿ ನೆಲ ಬಿಟ್ಟು ಪುಟಿಯತೊಡಗುತ್ತದೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಓಟದಲ್ಲಿ ಕೈ ಏನು ಮಾಡುತ್ತೆ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಎಷ್ಟು ಚಿತ್ರ ಬರೆದರೂ ಇಷ್ಟು ಚೆನ್ನಾಗಿ ತಿಳಿಸಲು ಆಗಿಲ್ಲ. ಆಮೇಲೆ ಎಬ್ಬಿಸಿ, ನಿಂತಲ್ಲೇ ಮಂಡಿ ಎತ್ತಿಸಿ. ಹದಿನೈದಿಪ್ಪತ್ತು ಮೀಟರ್ ಮುಂದೆ ನೋಡುತ್ತಾ ಸ್ವಲ್ಪ ದೂರ ಓಡಿಸಿ, ಪಾದದ ಮುಂಭಾಗ ಮೊದಲು ನೆಲ ಮುಟ್ಟಲಿ. ಗೆರೆಯ ಮುಂಚೆಯೇ ನಿಲ್ಲುವವನಿಗೆ ಐದು ಮೀಟರ್ ಆಚೆ ಇನ್ನೊಂದು ಗೆರೆ ಹಾಕಿ, ಓಟ ಮುಗಿಯುವುದು ಅಲ್ಲಿ ಅನ್ನಿ.

ಇನ್ನೊಂದು, ಟಿವಿ ನೋಡಿ ನಮ್ಮ ಮಕ್ಕಳು ನೆಲಕ್ಕೆ ಕೈಯೂರಿ ಕೂರುತ್ತಾರೆ. ಎದ್ದು ನಿಲ್ಲುವಷ್ಟರಲ್ಲಿ ಪಕ್ಕದವನು ಮೂರು ಹೆಜ್ಜೆ ಮುಂದೆ. ಈ ವಯಸ್ಸಿಗೆ ನಿಂತು ಹೊರಡುವುದೇ ಸರಿ, ಎಡಗಾಲು ಮುಂದಿದ್ದರೆ ಬಲಗೈ ಮುಂದೆ. ರಿಲೇಯಲ್ಲಂತೂ ಬ್ಯಾಟನ್ ತೆಗೆದುಕೊಳ್ಳುವವರು ಗೂಟ ಹೊಡೆದಂತೆ ನಿಂತಿರುತ್ತಾರೆ. 4x100ರಲ್ಲಿ ಬ್ಯಾಟನ್ ಬದಲಾಯಿಸಲು ಈಗ 30 ಮೀಟರ್ ಜಾಗ ಕೊಟ್ಟಿದ್ದಾರೆ, ಅದರಲ್ಲಿ ಓಡುತ್ತಲೇ ತೆಗೆದುಕೊಳ್ಳಬೇಕು ಅಂತ ಹೇಳದಿದ್ದರೆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? 600 ಮೀಟರ್‌ನದೂ ಅದೇ ಕಥೆ. ಮೊದಲ ಸುತ್ತು ಜೀವ ಬಿಟ್ಟು ಓಡುತ್ತಾರೆ, ಕೊನೆಯ ಸುತ್ತು ನಡೆಯುತ್ತಾರೆ. ಗೆಳೆಯನ ಜೊತೆ ಮಾತಾಡಿಕೊಂಡು ಓಡುವ ವೇಗದಲ್ಲಿ ವಾರಕ್ಕೆರಡು ಸಲ ಎಂಟು ನಿಮಿಷ ಓಡಿಸಿದರೆ ತಮ್ಮ ಉಸಿರಿನ ಅಳತೆ ತಾವೇ ಕಲಿಯುತ್ತಾರೆ.

ಇದಕ್ಕೆಲ್ಲ ದುಡ್ಡು ಬೇಕಾಗಿಲ್ಲ. ಕುಂಟಾಟದಲ್ಲಿ ಕಾಲಿನ ಬಲ ಇದೆ, ಖೋ ಖೋದಲ್ಲಿ ಥಟ್ಟನೆ ಎದ್ದು ಹೊರಡುವುದಿದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2005ರಲ್ಲಿ, ಅದರ ಹೆಸರಿನ್ನೂ ಐಎಎಎಫ್ ಅಂತ ಇದ್ದಾಗ, ಮಕ್ಕಳಿಗೆಂದೇ ಶುರು ಮಾಡಿದ ಕಿಡ್ಸ್ ಅಥ್ಲೆಟಿಕ್ಸ್‌ನಲ್ಲೂ ಇರುವುದು ಇಂಥವೇ. ಹುಡುಗ ಹುಡುಗಿಯರು ಸೇರಿದ ತಂಡ, ನೆಲದ ಮೇಲೆ ಏಣಿಯಂತೆ ಇಟ್ಟ ಕಡ್ಡಿಗಳು, ಕಪ್ಪೆ ಜಿಗಿತ, ರಿಲೇ. ಇತ್ತ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ನೀರಜ್ ಚೋಪ್ರಾ ಬಂದು ತರಬೇತಿ ಪಡೆದ ಕ್ರೀಡಾ ಸಂಸ್ಥೆ ಇದೆ, ಸಂತೋಷ. ಆದರೆ ಅಲ್ಲಿಗೆ ಹೋಗುವ ಮಗು ಮೊದಲು ನಮ್ಮ ಊರ ಶಾಲೆಯ ಗ್ರೌಂಡಿನಲ್ಲೇ ಓಡಬೇಕಲ್ವಾ?

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ತಡವಾಗಿ ಬಂದೆಯಾ, ಗ್ರೌಂಡಿಗೆ ಐದು ರೌಂಡ್ ಹೊಡಿ ಅನ್ನುವುದನ್ನು ನಿಲ್ಲಿಸಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ ಬೇಡ ಅನ್ನುತ್ತದೆ, ಅದು ಹಾಗಿರಲಿ. ಬೆಳಿಗ್ಗೆ ಶಿಕ್ಷೆಯಾಗಿ ಓಡಿಸಿದ ಹುಡುಗನಿಗೆ ಸಂಜೆ ಪಿಟಿ ಪಿರಿಯಡ್ಡಿನಲ್ಲಿ ಖುಷಿಯಿಂದ ಓಡು ಅಂದರೆ ಯಾವ ಖುಷಿಗೆ ಓಡುತ್ತಾನೆ?

ಪಿಟಿ ಮಾಸ್ತರೇ ಇಲ್ಲದ ಶಾಲೆಗಳು ಎಷ್ಟೋ ಇವೆ, ಗೊತ್ತು. ಅದೇ ಕಾಯ್ದೆಯ ಅನುಸೂಚಿ ಪ್ರಕಾರ 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಅವರು ಬರುವ ತನಕ ಕಾಯುವ ಬದಲು ಜೂನ್‌ನಲ್ಲೇ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ, ಇರುವ ಒಬ್ಬಿಬ್ಬರು ದೈಹಿಕ ಶಿಕ್ಷಕರು ಪ್ರತಿ ಶಾಲೆಯ ಒಬ್ಬ ಶಿಕ್ಷಕರಿಗೆ ಅರ್ಧ ದಿನ ಇದನ್ನು ಕಲಿಸಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. ಬಿಸಿಲಿನ ಊರು ನಮ್ಮದು, ಓಟ ಪ್ರಾರ್ಥನೆಗೆ ಮುಂಚೆಯೋ ಸಂಜೆ ಕೊನೆಯ ಪಿರಿಯಡ್ಡಿಗೋ ಇರಲಿ, ಬಿಸಿಯೂಟ ಆದ ತಕ್ಷಣ ಬೇಡವೇ ಬೇಡ. ಕುಡಿಯುವ ನೀರು ಪಕ್ಕದಲ್ಲೇ ಇರಲಿ.

ಇನ್ನು ನೆಲದ ವಿಷಯ. ನಮ್ಮದು ಎರೆ ಮಣ್ಣು. ಮಳೆ ಬಂದರೆ ಪಾದಕ್ಕೆ ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ, ಒಣಗಿದರೆ ಬಿರುಕಿನಲ್ಲಿ ಪಾದ ಸಿಕ್ಕಿ ಉಳುಕುತ್ತದೆ. ಸರ್ಕಾರ ಕೊಡುವ ಕಪ್ಪು ಶೂ ಓಟಕ್ಕೆ ಆಗಿಬರಲ್ಲ, ಹಾಗಾಗಿ ಮಕ್ಕಳು ಓಡುವುದು ಬರಿಗಾಲಲ್ಲೇ. ಉದ್ಯೋಗ ಖಾತ್ರಿಯಲ್ಲಿ ಶಾಲೆಯ ಮೈದಾನ ಮಾಡಿಸಿದ ಪಂಚಾಯಿತಿಗಳಿವೆ. ಉಳಿದವರೂ ಕನಿಷ್ಠ ಅರವತ್ತು ಮೀಟರ್ ಉದ್ದದ ಒಂದು ಪಟ್ಟಿಗಾದರೂ ಗರಸು ಮಣ್ಣು ಹಾಕಿಸಿ ಸಮ ಮಾಡಿಸಲಿ, ಬೇಲಿಗುಂಟ ಬೆಳೆದ ಬಳ್ಳಾರಿ ಜಾಲಿಯನ್ನು ಶಾಲೆ ಶುರುವಾಗುವ ಮುಂಚೆ ಬುಡಸಮೇತ ಕೀಳಿಸಲಿ, ಕಿತ್ತ ಮುಳ್ಳನ್ನು ಅಲ್ಲೇ ಮೂಲೆಗೆ ಒಟ್ಟದೆ ಹೊರಗೆ ಸಾಗಿಸಲಿ.

ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಸಿಂಧನೂರು, ರಾಯಚೂರು ಜಿಲ್ಲೆ