ಗುರುವಾರದ ಭಜನೆಗೆ ರಾಯರ ಹಾಡು

ಆದೋನಿಯ ಭಜನಾ ಬಳಗದ ಎಲ್ಲರಿಗೂ ನಮಸ್ಕಾರ. ಈ ಗುರುವಾರ ‘ಇಂದು ಎನಗೆ ಗೋವಿಂದ’ ಹಾಡೋಣ. ಎಲ್ಲರೂ ಸಾಹಿತ್ಯ ಓದಿಕೊಂಡು ಬನ್ನಿ.

ನಾವು ಸಾಮಾನ್ಯವಾಗಿ ದಾಸರ ಪದಗಳನ್ನು ಹಾಡಿ ರಾಯರಿಗೆ, ಅಂದರೆ ರಾಘವೇಂದ್ರ ಸ್ವಾಮಿಗಳಿಗೆ, ಅರ್ಪಿಸುತ್ತೇವೆ. ಆದರೆ ಇದು ರಾಯರೇ ರಚಿಸಿದ ಕೀರ್ತನೆ. ‘ಧೀರ ವೇಣುಗೋಪಾಲ’ ಅನ್ನೋದು ಅಂಕಿತ, ಅಂದರೆ ಹಾಡಿನ ಕೊನೆಯಲ್ಲಿ ಬರುವ ಅವರ ಮುದ್ರೆ. ಜಯತೀರ್ಥರ ದ್ವೈತ ವೇದಾಂತ ಗ್ರಂಥವಾದ ನ್ಯಾಯಸುಧೆಗೆ ‘ಪರಿಮಳ’ದಂಥ ಟೀಕೆ ಬರೆದ ಪಂಡಿತರು ಅವರು. 1671ರಲ್ಲಿ ನಮ್ಮ ಪಕ್ಕದ ಮಂತ್ರಾಲಯದಲ್ಲೇ ವೃಂದಾವನ ಪ್ರವೇಶಿಸಿದರು. ಅಂಥವರು ಇಲ್ಲಿ ‘ಮೂಢತನದಿ ಬಲು ಹೇಡಿಜೀವ ನಾನಾಗಿ’ ದೃಢಭಕ್ತಿ ಮಾಡಲಿಲ್ಲ ಎಂದು ಹರಿಯ ಮುಂದೆ ಹೇಳಿಕೊಳ್ಳುತ್ತಾರೆ. ನನಗಂತೂ ಈ ಸಾಲಿಗೆ ಬಂದಾಗ ಗಂಟಲು ಕಟ್ಟುತ್ತದೆ. ಅದಕ್ಕೇ ಒಂದು ವಿನಂತಿ: ಇಲ್ಲಿ ತಾಳ ಜೋರು ಮಾಡಬೇಡಿ. ಹಾರ್ಮೋನಿಯಂ ತಗ್ಗಿಸಿ, ಮಾತು ಕೇಳಿಸಲಿ. ಭೈರವಿಯಲ್ಲಿ ನಿಧಾನವಾಗಿ ಹಾಡಿದರೆ ಚೆಂದ, ಅಲ್ವಾ?

ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಓದುವವರು. ಕನ್ನಡ ಅರ್ಥವಾಗುತ್ತೆ, ಲಿಪಿ ಬರಲ್ಲ. ಅವರಿಗಾಗಿ ತೆಲುಗು ಅಕ್ಷರದಲ್ಲೂ ಬರೆದು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ಮೊದಲ ಚರಣ ಮಕ್ಕಳೇ ಹಾಡಲಿ. ಪ್ರಸಾದದ ಸರದಿ ಯಾರದ್ದು ಅಂತ ತಿಳಿಸಿಬಿಡಿ.