ರೆಕ್ಟರ್ ಜೊತೆ ವಾರದ ನಡುವೆಯೇ ಮಾತಾಡು

ಪ್ರೀತಿಯ ಪುಟ್ಟಿ,

ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಸಭೆಯೊಂದರಲ್ಲಿ ಆರ್ಗನ್ ನುಡಿಸಿ ಕ್ವಾಯರ್, ಅಂದರೆ ಹಾಡುವ ಗುಂಪು, ನಡೆಸುವ ಕೆಲಸ ಸಿಕ್ಕಿದೆ ಅಂತ ನಿನ್ನ ಅಮ್ಮ ಫೋನ್ ಮಾಡಿದಳು. ತುಂಬಾ ಖುಷಿಯಾಯಿತು. ನಿನ್ನ ಕೈ, ಕಾಲು, ಕಿವಿ ಮೂರೂ ಚೆನ್ನಾಗಿ ಪಳಗಿವೆ. ಅದರ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಹೇಳಬೇಕಾದ್ದು ನಿನ್ನ ರೆಕ್ಟರ್, ಅಂದರೆ ಸಭೆಯ ಮುಖ್ಯ ಪಾದ್ರಿಯ ಬಗ್ಗೆ, ಅವರ ಜೊತೆ ನೀನು ಹೇಗಿರಬೇಕು ಅನ್ನುವುದರ ಬಗ್ಗೆ.

ನಿನ್ನ ಅಣ್ಣನ ಮನೆಯಲ್ಲಿದ್ದಾಗ ನಾನು ಅಲ್ಲಿನ ಎಪಿಸ್ಕೋಪಲ್ ಸಭೆಯ ಕ್ವಾಯರಿನಲ್ಲಿ ಆಲ್ಟೊ (ಹೆಂಗಸರ ಕೆಳದನಿ) ಹಾಡುತ್ತಿದ್ದೆ, ಗೊತ್ತಲ್ವಾ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತು ಅವರದು ಎರಡೂ ಆಂಗ್ಲಿಕನ್ ಬಳಗವೇ. ಹಾಗಾಗಿ ಆರಾಧನೆ ಹೊಸದು ಅನಿಸಲಿಲ್ಲ. ಹೊಸದು ಅನಿಸಿದ್ದು ಆಡಳಿತ. ನಮ್ಮಲ್ಲಿ ಬಿಷಪರು ಸಭಾಪಾಲಕರನ್ನು ವರ್ಗ ಮಾಡುತ್ತಾರೆ, ಬಂದವರನ್ನು ನಾವು ಒಪ್ಪಿಕೊಳ್ಳುತ್ತೇವೆ. ಅಲ್ಲಿ ಸಭೆಯವರು ಆರಿಸಿದ ವೆಸ್ಟ್ರಿ ಅನ್ನುವ ಸಮಿತಿ ಇರುತ್ತದೆ. ರೆಕ್ಟರನ್ನು ಹುಡುಕಿ ಕರೆಯುವುದು ಅವರ ಕೆಲಸ. ಆದರೆ ಒಮ್ಮೆ ಬಂದ ರೆಕ್ಟರನ್ನು ವೆಸ್ಟ್ರಿ ತಾನಾಗಿ ಕಳಿಸುವ ಹಾಗಿಲ್ಲ. ದುಡ್ಡಿನ ಲೆಕ್ಕ ವೆಸ್ಟ್ರಿಯದು, ಆರಾಧನೆ ರೆಕ್ಟರದು. ನಿನಗೆ ಸಂಬಳ ಒಂದು ಕಡೆಯಿಂದ, ಕೆಲಸ ಇನ್ನೊಂದು ಕಡೆಯಿಂದ. ಇದನ್ನು ಮೊದಲ ದಿನವೇ ತಿಳಿದುಕೊಂಡಿರು.

ಸಂಗೀತದ ಬಗ್ಗೆ ಎಪಿಸ್ಕೋಪಲ್ ಚರ್ಚಿನ ಕಾನೂನಿನಲ್ಲೇ ಒಂದು ನಿಯಮ ಇದೆ. ಕೊನೆಯ ಮಾತು ಸಭಾಪಾಲಕರದು ಅನ್ನುತ್ತದೆ. ಜೊತೆಗೇ, ಸಂಗೀತ ಬಲ್ಲವರ ನೆರವನ್ನು ಅವರು ಕೇಳಿ ಪಡೆಯಬೇಕು ಅಂತಲೂ ಹೇಳುತ್ತದೆ. ಸಂಗೀತಗಾರರು ಮೊದಲ ಅರ್ಧ ಓದಿ ಸಿಟ್ಟಾಗುತ್ತಾರೆ, ಕೆಲವು ಪಾದ್ರಿಗಳು ಎರಡನೇ ಅರ್ಧ ಮರೆತುಬಿಡುತ್ತಾರೆ. ನೀನು ಎರಡನ್ನೂ ಒಟ್ಟಿಗೆ ಹಿಡಿ. ಅವರು ಕೇಳಲಿ ಅಂತ ಕಾಯಬೇಡ, ನೀನೇ ಹೋಗು. ಅಲ್ಲಿ ಬೈಬಲ್ ಪಾಠಗಳು ಮೂರು ವರ್ಷದ ಸುತ್ತಿನಲ್ಲಿ ಮೊದಲೇ ನಿಗದಿಯಾಗಿರುತ್ತವೆ. ಮುಂದಿನ ಎರಡು ತಿಂಗಳ ಪಾಠ, ಕೀರ್ತನೆ ಓದಿಕೊಂಡು, ಹಾಡುಗಳ ಪಟ್ಟಿ ಹಿಡಿದು ಅವರ ಆಫೀಸಿಗೆ ಹೋಗಿ ಕೂರು. 'ಈ ಭಾನುವಾರ ಪ್ರಸಂಗ (ಉಪದೇಶ) ಯಾವ ಪಾಠದ ಮೇಲೆ?' ಅಂತ ಕೇಳು. ಅವರ 1982ರ ಹಾಡಿನ ಪುಸ್ತಕದಲ್ಲಿ 720 ಹಾಡುಗಳಿವೆ. ಪ್ರಸಂಗಕ್ಕೆ ಹೊಂದುವ ಹಾಡು ಸಿಗದೇ ಇರುವುದಿಲ್ಲ. ಮಂಗಳವಾರ ಆಡಿದ ಮಾತು ಭಾನುವಾರದ ಜಗಳವನ್ನು ತಪ್ಪಿಸುತ್ತದೆ. ಆರಾಧನೆಗೆ ಮೊದಲು ಎಲ್ಲರೂ ಗೌನ್ ಹಾಕಿಕೊಳ್ಳುವಾಗ 'ಆ ಹಾಡು ಬೇಡ' ಅಂತ ಕೇಳಿಸಿಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ.

ರೆಕ್ಟರ್ ಮತ್ತು ಆರ್ಗನಿಸ್ಟ್ ಒಂದಾದರೆ ಏನಾಗುತ್ತದೆ ಅನ್ನುವುದಕ್ಕೆ ನೀನೇ ಪ್ರತಿ ಕ್ರಿಸ್ಮಸ್ಸಿಗೆ ಹಾಡಿದ್ದೀಯ. 'ಓ ಲಿಟಲ್ ಟೌನ್ ಆಫ್ ಬೆತ್ಲೆಹೆಮ್' ಬರೆದವರು ಫಿಲಡೆಲ್ಫಿಯಾದ ಹೋಲಿ ಟ್ರಿನಿಟಿ ಸಭೆಯ ರೆಕ್ಟರ್ ಫಿಲಿಪ್ಸ್ ಬ್ರೂಕ್ಸ್. 1865ರ ಕ್ರಿಸ್ಮಸ್ಸಿಗೆ ಅವರು ಬೆತ್ಲೆಹೇಮಿಗೆ ಹೋಗಿದ್ದರು. 1868ರಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಅಂತ ಪದ್ಯ ಬರೆದು, ತಮ್ಮ ಆರ್ಗನಿಸ್ಟ್ ಲೂಯಿಸ್ ರೆಡ್ನರ್ ಕೈಗೆ ಕೊಟ್ಟರು. ರೆಡ್ನರ್ ಸಂಡೇ ಸ್ಕೂಲನ್ನೂ ನೋಡಿಕೊಳ್ಳುತ್ತಿದ್ದರು. ಶನಿವಾರ ಬಂದರೂ ರಾಗ ಕೂಡಿರಲಿಲ್ಲ. ರಾತ್ರಿ ನಿದ್ದೆಯಿಂದ ಎಚ್ಚರವಾದಾಗ ಹೊಳೆಯಿತು, ಗೀಚಿಟ್ಟುಕೊಂಡರು, ಬೆಳಗ್ಗೆ ಸಭೆಗೆ ಹೊರಡುವ ಮೊದಲು ಹಾರ್ಮೊನಿ ತುಂಬಿದರು. ಆ ಕ್ರಿಸ್ಮಸ್ ದಾಟಿ ಈ ಹಾಡು ಉಳಿದೀತು ಅಂತ ಇಬ್ಬರಿಗೂ ಅನಿಸಿರಲಿಲ್ಲವಂತೆ. ಬ್ರೂಕ್ಸ್ ಮುಂದೆ ಮ್ಯಾಸಚೂಸೆಟ್ಸಿನ ಬಿಷಪ್ ಆದರು. ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ, ಆ ಇಬ್ಬರೂ ಅದೇ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದರು. ಯಾರಿಗೆ ಹಾಡು ಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಹೇಳುತ್ತೇನೆ, ಆರ್ಗನ್ ಮೆಟ್ಟಿಲು ಇಳಿದು ಕಾಫಿ ಹೊತ್ತಿನಲ್ಲಿ ಜನರ ನಡುವೆ ನಿಲ್ಲು.

ನಿಮ್ಮ ರೆಕ್ಟರ್ ಹೆಂಗಸು ಅಂತ ಕೇಳಿದೆ. ಆ ದಾರಿ ಸುಲಭದ್ದಾಗಿರಲಿಲ್ಲ. 1974ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ 11 ಹೆಂಗಸರಿಗೆ ಸಭೆಯ ಒಪ್ಪಿಗೆಗೆ ಕಾಯದೆ ಪಾದ್ರಿ ದೀಕ್ಷೆ ಕೊಟ್ಟರು. 1976ರಲ್ಲಿ ಸಭೆ ಒಪ್ಪಿತು. ನಮ್ಮ ಸಿ.ಎಸ್.ಐ.ಯಲ್ಲಿ ಪುಷ್ಪಾ ಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆಗಿದ್ದು 2013ರಲ್ಲಿ. ಇವತ್ತಿಗೂ ಯಾರಾದರೂ ಕ್ವಾಯರ್ ರೂಮಿಗೆ ಬಂದು ನಿಮ್ಮ ರೆಕ್ಟರ್ ಬಗ್ಗೆ ಪಿಸುಗುಟ್ಟಬಹುದು. ನಿನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ ಹಾಗೆ ಹೇಳುತ್ತಾರೆ. 'ಅದನ್ನು ಅವರಿಗೇ ಹೇಳಿ' ಅಂದುಬಿಡು. ಕ್ವಾಯರ್ ರೂಮ್ ದೂರು ಕೇಳುವ ಜಾಗವಾದರೆ ಸಭೆ ಒಡೆಯುತ್ತದೆ. ಅಂಥದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಆರಾಧನೆ. ಪ್ರಭು ಭೋಜನದ, ಅಂದರೆ ಜನ ಮುಂದೆ ಬಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಹೊತ್ತಿನಲ್ಲಿ ಕಣ್ಣು ಆರ್ಗನ್ ಮೇಲಿನ ಕನ್ನಡಿಯಲ್ಲಿರಲಿ. ಕೊನೆಯವರು ಎದ್ದು ಹೋದ ಕೂಡಲೇ ನಿಲ್ಲಿಸಬೇಡ. ಮುಂದೆ ಬರಲಾಗದ ಅಜ್ಜಿಯ ಬೆಂಚಿಗೆ ರೊಟ್ಟಿ, ಬಟ್ಟಲು ಹೋಗುತ್ತದೆ. ಆಮೇಲೆ ಪಾದ್ರಿಗೆ ನೆರವಾಗುವ ಡೀಕನ್ ಬಟ್ಟಲು ತೊಳೆದು, ಒರೆಸಿ, ಬಿಳಿ ಬಟ್ಟೆ ಮುಚ್ಚುತ್ತಾರೆ. ಬೆಂಚಿನಲ್ಲಿ ಕೆಲವರು ಅಳುತ್ತಿರುತ್ತಾರೆ. ಕೊಳಲಿನ ಹಾಗೆ ಮೆತ್ತಗಿನ ದನಿಯ ಒಂದೇ ಒಂದು ಫ್ಲೂಟ್ ಸ್ಟಾಪ್ ಇಟ್ಟುಕೊಂಡು ಈಗಷ್ಟೇ ಹಾಡಿದ ಹಾಡಿನ ರಾಗವನ್ನೇ ಮೆಲ್ಲಗೆ ನುಡಿಸುತ್ತಿರು. ಬಟ್ಟೆ ಮುಚ್ಚಿ ಅವರು ತಿರುಗಿದಾಗ ಮುಗಿಸು. ಹಾಡಿನ ಚರಣಗಳ ನಡುವೆಯೂ ಜನ ಉಸಿರು ತೆಗೆದುಕೊಳ್ಳುವಷ್ಟು ಬಿಡು. ನೀನೂ ಅವರ ಜೊತೆ ಪದಗಳನ್ನು ಹಾಡಿಕೊಂಡರೆ ಎಷ್ಟು ಬಿಡಬೇಕು ಅಂತ ತಾನೇ ಗೊತ್ತಾಗುತ್ತದೆ.

ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅವರು 'ಹಲ್ಲೆಲೂಯ' ಅನ್ನುವುದಿಲ್ಲ. ಹಾಡಿನ ಕೊನೆಯ ಚರಣದಲ್ಲಿ ಅದು ಅಡಗಿದೆಯಾ ನೋಡಿಕೋ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ನಿನಗೂ ರೆಕ್ಟರಿಗೂ ನಿದ್ದೆ ಇರುವುದಿಲ್ಲ. ಆ ವಾರ ಅವರು ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈಸ್ಟರ್ ಕಳೆದ ಮೇಲೆ ಮಾತಾಡು.

ಶವಸಂಸ್ಕಾರಕ್ಕೆ ಮಾತ್ರ ಯಾವಾಗಲೂ ಸಿದ್ಧವಾಗಿರು. ಬಡವರಿರಲಿ, ಶ್ರೀಮಂತರಿರಲಿ, ಪೆಟ್ಟಿಗೆಯ ಮೇಲೆ ಸಭೆಯ ಅದೇ ಬಟ್ಟೆ ಹಾಸುತ್ತಾರೆ. ನಿನ್ನ ಸಂಗೀತವೂ ಹಾಗೇ ಇರಲಿ. ಮನೆಯವರು ಯಾವುದೋ ಸಿನಿಮಾ ಹಾಡು ಕೇಳಿದರೆ ನೀನೇ 'ಆಗಲ್ಲ' ಅನ್ನಬೇಡ, 'ರೆಕ್ಟರ್ ಜೊತೆ ಮಾತಾಡೋಣ' ಅನ್ನು. ದುಃಖದಲ್ಲಿರುವವರಿಗೆ ಇಬ್ಬರೂ ಸೇರಿ ಒಂದೇ ಉತ್ತರ ಕೊಡಬೇಕು.

ಕ್ವಾಯರಿನಲ್ಲಿ ಸಂಬಳಕ್ಕೆ ಹಾಡುವವರು ನಾಲ್ಕು ಜನ, ಉಳಿದವರೆಲ್ಲ ಸುಮ್ನೆ ಪ್ರೀತಿಯಿಂದ ಬರುವವರು ಅಂತ ನಿನ್ನ ಅಮ್ಮ ಹೇಳಿದಳು. ವಯಸ್ಸಾದವರ ದನಿ ನಡುಗುತ್ತದೆ ಅಂತ ಅವರನ್ನು ಬಿಡಿಸಬೇಡ. ಜಾಗ ಬದಲಿಸು, ಗಟ್ಟಿ ದನಿಯವರ ಪಕ್ಕ ನಿಲ್ಲಿಸು.

ಕರಾರು ಬರವಣಿಗೆಯಲ್ಲಿ ಇರಲಿ. ರಜೆ ಎಷ್ಟು, ಮದುವೆಗೆ, ಶವಸಂಸ್ಕಾರಕ್ಕೆ ನುಡಿಸಿದರೆ ಬೇರೆ ಹಣ ಉಂಟಾ, ಆರ್ಗನ್ ರಿಪೇರಿ ಯಾರ ಖರ್ಚು, ಎಲ್ಲವೂ. ದೇವರ ಕೆಲಸ ಅಂತ ಕೇಳಲು ನಾಚಿಕೆ ಪಡಬೇಡ. ಅಮೆರಿಕದ ಆರ್ಗನಿಸ್ಟರ ಸಂಘ 1896ರಿಂದ ಇದೆ, ಆಂಗ್ಲಿಕನ್ ಸಂಗೀತಗಾರರ ಸಂಘ 1966ರಿಂದ ಇದೆ. ಎರಡಕ್ಕೂ ಸೇರಿಕೋ, ಕೇಳಿದರೆ ದಾರಿ ಹೇಳುವವರು ಇರುತ್ತಾರೆ. ವೆಸ್ಟ್ರಿಯವರು ಪತ್ರ ಕಳಿಸಿದ ಮೇಲೆ ಸಹಿ ಹಾಕುವ ಮೊದಲು ನನಗೊಂದು ಪ್ರತಿ ಕಳಿಸು. ಮಾವನೂ ನಾನೂ ಕೂತು ಓದುತ್ತೇವೆ.

ಪ್ರೀತಿಯಿಂದ,
ನಿನ್ನ ಅತ್ತೆ