‘ಘಟಶ್ರಾದ್ಧ’ ನಮ್ಮೂರಲ್ಲೂ ತೋರಿಸಿ

ಮಾನ್ಯರೇ,

‘ಘಟಶ್ರಾದ್ಧ’ ಅಂದರೆ ಒಬ್ಬ ವಿಧವೆಯ ಗೋಳಿನ ಕಥೆ, ಅಗ್ರಹಾರವನ್ನು ಬೈಯುವ ಸಿನಿಮಾ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಮೊದಲ ಸಲ ನೋಡಿದ್ದು ಕಾಲೇಜಿನಲ್ಲಿ. ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದ್ದರು. ಬದುಕಿರುವ ಮಗಳಿಗೆ ಮಡಕೆ ಒಡೆದು ಶ್ರಾದ್ಧ ಮಾಡಿ, ತಾನು ಮಾತ್ರ ಎಳೆ ಹುಡುಗಿಯನ್ನು ಮದುವೆಯಾಗಲು ಹೊರಡುವ ವೇದಪಾಠಶಾಲೆಯ ಗುರು ಉಡುಪರ ಮೇಲೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಾಸ್ಟೆಲ್‌ಗೆ ಬಂದು ರಾತ್ರಿಯೆಲ್ಲ ಗೆಳತಿಯರ ಜೊತೆ ಅದೇ ಮಾತು. ಆ ಪಾಠಶಾಲೆಗೆ ಓದಲು ಬಂದ ಪುಟ್ಟ ಹುಡುಗ ನಾಣಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಹೋದ ತಿಂಗಳು ಮಗಳ ಮನೆಯಲ್ಲಿ ಮತ್ತೆ ನೋಡಿದೆ. ಈ ಸಲ ಆ ಹುಡುಗನನ್ನು ಬಿಟ್ಟು ಕಣ್ಣು ಬೇರೆ ಕಡೆ ಹೋಗಲೇ ಇಲ್ಲ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಮನೆ ಬಿಟ್ಟು ಬಂದು, ದೊಡ್ಡ ಹುಡುಗರ ಕಾಟ ಸಹಿಸುವ ಮಗು, ಅಕ್ಕರೆ ತೋರಿಸಿದ ಒಬ್ಬರನ್ನು ಎಷ್ಟು ಹಚ್ಚಿಕೊಳ್ಳುತ್ತದೆ ಎಂದು ಗೊತ್ತು. ಉಡುಪರ ಮಗಳು, ಆ ವಿಧವೆ ಯಮುನಕ್ಕ ಬಸುರಾಗಿದ್ದಾಳೆ ಎಂಬುದು ನಾಣಿಗೆ ತಿಳಿಯದು. ಅವಳ ಜೊತೆಗಿರಬೇಕು ಅನ್ನುವುದಷ್ಟೇ ತಿಳಿದಿದೆ.

‘ನಿಧಾನ, ಕತ್ತಲೆ ಜಾಸ್ತಿ’ ಎಂದ ಅಳಿಯ. ನನಗೆ ಹಾಗನ್ನಿಸಲಿಲ್ಲ. ದೊಡ್ಡವರ ಪಿಸುಮಾತನ್ನು ಅರ್ಧಂಬರ್ಧ ಕೇಳಿಸಿಕೊಳ್ಳುವ ಹುಡುಗನಿಗೆ ಎಲ್ಲವೂ ಮಬ್ಬಾಗಿಯೇ ಕಾಣುವುದು, ಅಲ್ವಾ? ಎಸ್. ರಾಮಚಂದ್ರ ಅವರ ಕ್ಯಾಮೆರಾ ಹಾಗೇ ನೋಡುತ್ತದೆ. 1977ರ ಅತ್ಯುತ್ತಮ ಚಿತ್ರದ ಸ್ವರ್ಣಕಮಲದ ಜೊತೆಗೆ ಬಿ.ವಿ. ಕಾರಂತರ ಸಂಗೀತಕ್ಕೂ ನಾಣಿಯಾದ ಅಜಿತ್ ಕುಮಾರ್‌ಗೂ ರಾಷ್ಟ್ರಪ್ರಶಸ್ತಿ ಬಂದಿತ್ತು. ಆ ಹುಡುಗನಿಗೆ ಯಾಕೆ ಬಂತು ಎಂದು ನನಗೆ ಈಗ ಅರ್ಥವಾಯಿತು. ಒಂದು ಕೊರತೆ ಮಾತ್ರ ಇದೆ. ತನ್ನನ್ನು ಬಸುರು ಮಾಡಿದ ಶಾಲೆಯ ಮೇಷ್ಟ್ರ ಬಗ್ಗೆ ಯಮುನಕ್ಕನ ಮನಸ್ಸಿನಲ್ಲಿ ಏನಿತ್ತು ಎಂದು ಅವಳ ಬಾಯಿಂದ ಕೇಳಬೇಕಿತ್ತು.

ಕೊನೆಗೆ ತಲೆ ಬೋಳಿಸಿಕೊಂಡು ಮರದಡಿ ಒಬ್ಬಳೇ ಕೂತ ಯಮುನಕ್ಕ. ಅಪ್ಪನ ಜೊತೆ ಹೊರಟುಹೋಗುವ ನಾಣಿ. ನನಗೆ ನಮ್ಮ ಅಜ್ಜಿಯ ಅಕ್ಕ ನೆನಪಾದರು. ಕೆಂಪು ಸೀರೆ, ಸದಾ ತಲೆ ಮೇಲೆ ಸೆರಗು. ಕ್ಷೌರದವನು ಹಿತ್ತಿಲಿಗೆ ಬಂದ ದಿನ ಮಕ್ಕಳನ್ನು ಒಳಗೆ ಕೂರಿಸುತ್ತಿದ್ದರು. ಒಂದು ಮಧ್ಯಾಹ್ನ ಅವರು ಒರಗಿ ಕೂತಿದ್ದಾಗ ಸೆರಗು ಜಾರಿತ್ತು. ಸುಮ್ನೆ ತಲೆ ಮುಟ್ಟಿ ನೋಡಿದೆ. ಕೊಯ್ದ ಗದ್ದೆಯ ಕೂಳೆಯ ಹಾಗೆ ಚುಚ್ಚಿತು. ಮಡಿ ಹೋಯಿತೆಂದು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಕೈಯನ್ನು ಅಲ್ಲೇ ಒತ್ತಿ ಹಿಡಿದುಕೊಂಡರು. ನಾನೇ ಬಿಡಿಸಿಕೊಂಡು ಆಟಕ್ಕೆ ಓಡಿದೆ.

ಹಳೆಯ ಪ್ರತಿಯನ್ನು ಚೊಕ್ಕಟಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಬಹಳ ಸಂತೋಷ. ಆದರೆ ಕಥೆ ಬರೆದ ಅನಂತಮೂರ್ತಿ, ಸಿನಿಮಾ ಮಾಡಿದ ಗಿರೀಶ್ ಕಾಸರವಳ್ಳಿ ಇಬ್ಬರೂ ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರು. ಚಲನಚಿತ್ರ ಅಕಾಡೆಮಿಯವರು ಆ ಹೊಸ ಪ್ರತಿಯನ್ನು ತೀರ್ಥಹಳ್ಳಿ, ಸಾಗರ, ಶಿವಮೊಗ್ಗದಲ್ಲಿ ದೊಡ್ಡ ಪರದೆಯ ಮೇಲೆ ಒಂದೊಂದು ದಿನವಾದರೂ ತೋರಿಸಬೇಕು. ಟಿಕೆಟ್ ಇಟ್ಟರೂ ಸರಿ. ನಮ್ಮ ಬೀದಿಯ ಹತ್ತು ಹೆಂಗಸರನ್ನು ಕರೆದುಕೊಂಡು ಬರುವ ಜವಾಬ್ದಾರಿ ನನ್ನದು.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ